1982 ಅಲ್ಲ, 1951

ಪ್ರಿಯ ಮಾಸ್ಟ್ರೇ, ನಮಸ್ಕಾರ.

ಬದಿಯಡ್ಕದಿಂದ ನೀವು ಬರೆದ ಪತ್ರ ಕೈಸೇರಿತು. "ಏಷ್ಯನ್ ಗೇಮ್ಸ್ ಶುರುವಾದದ್ದು 1982ರಲ್ಲಿ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ, ಅದು ಸರಿಯಾ? ನಮ್ಮ ಕಬಡ್ಡಿಗೆ ಅಲ್ಲಿ ಜಾಗ ಸಿಕ್ಕಿದ್ದು ಯಾವಾಗ? ಮಕ್ಕಳು ಕೇಳುತ್ತಿದ್ದಾರೆ" ಎಂದಿದ್ದೀರಿ. ಸರಿಯಲ್ಲ ಮಾಸ್ಟ್ರೇ, ತಪ್ಪು ನಮ್ಮದೇ. ಮಕ್ಕಳು ಓದುವ ಪುಟದಲ್ಲಿ ಹೀಗಾಗಬಾರದಿತ್ತು. ಕ್ಷಮಿಸಿ.

ಮೊದಲ ಕೂಟ ನಡೆದದ್ದು 1951ರ ಮಾರ್ಚ್ 4ರಿಂದ 11ರವರೆಗೆ, ದೆಹಲಿಯಲ್ಲೇ. 11 ದೇಶಗಳಿಂದ 489 ಆಟಗಾರರು ಬಂದಿದ್ದರು. ಇದಕ್ಕಾಗಿ ಹಗಲಿರುಳು ಓಡಾಡಿದವರು ನಮ್ಮ ದೇಶದ ಕ್ರೀಡಾ ಸಂಘಟಕ ಗುರುದತ್ ಸೋಂಧಿ. 1948ರ ಲಂಡನ್ ಒಲಿಂಪಿಕ್ಸ್‌ಗೆ ಬಂದಿದ್ದ ಏಷ್ಯಾದವರ ಮುಂದೆ ಈ ಮಾತು ಎತ್ತಿದ್ದು ಅವರೇ. ಹಿಂದೆ ಮನಿಲಾದಲ್ಲಿ 1913ರಲ್ಲಿ ಶುರುವಾದ ಫಾರ್ ಈಸ್ಟರ್ನ್ ಗೇಮ್ಸ್ ಇತ್ತು. ಜಪಾನ್, ಚೀನಾ ಜಗಳದಲ್ಲಿ ಅದು 1934ಕ್ಕೇ ನಿಂತುಹೋಯಿತು.

ಮಕ್ಕಳಿಗೆ ಇದೊಂದನ್ನು ಖಂಡಿತ ಹೇಳಿ. ಯುದ್ಧದಲ್ಲಿ ಸೋತ ಜಪಾನನ್ನು ಲಂಡನ್ನಿಗೆ ಕರೆದಿರಲಿಲ್ಲ. ದೆಹಲಿ ಕರೆಯಿತು. ಬಂದ ಜಪಾನ್ 24 ಚಿನ್ನ ಗೆದ್ದಿತು, ನಾವು 15 ಗೆದ್ದು ಎರಡನೆಯವರಾದೆವು. ಸ್ವಾತಂತ್ರ್ಯ ಸಿಕ್ಕಿ ನಾಲ್ಕು ವರ್ಷವೂ ತುಂಬದ ದೇಶ ಎಲ್ಲರೂ ದೂರ ಇಟ್ಟವರನ್ನು ಮನೆಗೆ ಕರೆದು ಆಡಿಸಿತಲ್ಲ, ನನಗೆ ಆ 15 ಚಿನ್ನಕ್ಕಿಂತ ಅದೇ ಜಾಸ್ತಿ. ಫುಟ್ಬಾಲ್ ಫೈನಲ್‌ನಲ್ಲಿ ಇರಾನನ್ನು 1-0ರಿಂದ ಸೋಲಿಸಿದ್ದೂ ಆಗಲೇ.

1982ರದ್ದು ಮತ್ತೆ ದೆಹಲಿಯಲ್ಲೇ ನಡೆದ ಒಂಬತ್ತನೇ ಕೂಟ. ಕೂಟದ ಲಾಂಛನವಾಗಿದ್ದ ಅಪ್ಪು ಆನೆ, ಕಲರ್ ಟೀವಿ ಎಲ್ಲ ಬಂದದ್ದು ಆ ವರ್ಷ. ಅದಕ್ಕೇ ಎಲ್ಲರ ತಲೆಯಲ್ಲಿ ಅದೇ ಉಳಿದಿದೆ. ಆಗ ಕಾಸರಗೋಡು ಇನ್ನೂ ಕಣ್ಣೂರು ಜಿಲ್ಲೆಯೊಳಗೇ ಇತ್ತು. ನಮ್ಮದು ಬೇರೆ ಜಿಲ್ಲೆಯಾದದ್ದು 1984ರಲ್ಲಿ. ಹಾಗಾಗಿ 400 ಮೀಟರ್ ಹರ್ಡಲ್ಸ್‌ನಲ್ಲಿ ಚಿನ್ನ ಗೆದ್ದ ಕಣ್ಣೂರಿನ ಎಂ.ಡಿ. ವಲ್ಸಮ್ಮ ಆ ದಿನ ನಮ್ಮದೇ ಜಿಲ್ಲೆಯ ಹುಡುಗಿ! ಪಿ.ಟಿ. ಉಷಾ ಅವರ ನಾಲ್ಕು ಚಿನ್ನ ಬಂದದ್ದು ಮುಂದಿನ ಕೂಟದಲ್ಲಿ, 1986ರ ಸೋಲ್‌ನಲ್ಲಿ.

ಇನ್ನು ಕಬಡ್ಡಿ. 1982ರಲ್ಲಿ ಸುಮ್ನೆ ಆಡಿ ತೋರಿಸಿದರು, ಪದಕ ಇರಲಿಲ್ಲ. ಪದಕದ ಆಟವಾದದ್ದು 1990ರ ಬೀಜಿಂಗ್‌ನಲ್ಲಿ. ಆ ವರ್ಷ ಭಾರತಕ್ಕೆ ಸಿಕ್ಕಿದ್ದು ಒಂದೇ ಒಂದು ಚಿನ್ನ, ಅದು ಕಬಡ್ಡಿಯದ್ದು. ನಮ್ಮ ಕಡೆ ಕೊಯ್ಲು ಮುಗಿದ ಗದ್ದೆಯಲ್ಲಿ ಟ್ಯೂಬ್‌ಲೈಟ್ ಕಟ್ಟಿ, ಸುಣ್ಣದಲ್ಲಿ ಗೆರೆ ಎಳೆದು, ಬೆಳಗಿನ ಜಾವದವರೆಗೆ ಪಂದ್ಯಾಟ ನಡೆಸುತ್ತೇವಲ್ಲ, ಅದೇ ಆಟ ಆ ವರ್ಷ ದೇಶದ ಮಾನ ಉಳಿಸಿತು. ಹೆಂಗಸರ ಕಬಡ್ಡಿ ಸೇರಲು ಮಾತ್ರ 2010 ಬರಬೇಕಾಯಿತು. ಅಷ್ಟು ತಡ ಆಗಬಾರದಿತ್ತು. ಆ ಮೊದಲ ಸಲವೇ ಚಿನ್ನ ತಂದ ತಂಡದಲ್ಲಿ ಕಾರ್ಕಳ ಕಡೆಯ ಮಮತಾ ಪೂಜಾರಿ ಇದ್ದರು.

2018ರಲ್ಲಿ ಎರಡೂ ತಂಡಗಳು ಇರಾನಿಗೆ ಸೋತವು. ಚೀನಾದ ಹಾಂಗ್‌ಝೌನಲ್ಲಿ 2023ರಲ್ಲಿ ಎರಡೂ ಚಿನ್ನ ವಾಪಸ್ ಬಂತು. ಹುಡುಗಿಯರು ಗೆದ್ದದ್ದು 26-25, ಒಂದೇ ಅಂಕದಲ್ಲಿ.

ತಿದ್ದುಪಡಿಯನ್ನು ಮುಂದಿನ ಸಂಚಿಕೆಯ ಮಕ್ಕಳ ಪುಟದಲ್ಲೇ ಹಾಕುತ್ತೇವೆ. ಕೇಳಿದ ಮಕ್ಕಳಿಗೆ ನನ್ನ ಪ್ರೀತಿ ತಿಳಿಸಿ.

ಸಂಪಾದಕ