ಒಂದೇ ಮನೆ, ಇಬ್ಬರು ಆಟಗಾರರು: ಚೆಸ್ ಖಾತೆ ಮುಚ್ಚಿದಾಗ ಏನು ತೋರಿಸಬೇಕು

ಮೇಡಂ, ನಿಮ್ಮ ಮಗ, ಮಗಳು ಇಬ್ಬರ ಆನ್‌ಲೈನ್ ಚೆಸ್ ಖಾತೆಯನ್ನೂ ಸೈಟಿನವರು "ಒಬ್ಬರೇ ಎರಡು ಖಾತೆ ನಡೆಸುತ್ತಿದ್ದಾರೆ" ಅಂತ ಮುಚ್ಚಿದ್ದಾರೆ, ಇಬ್ಬರೂ ಬೇರೆ ಬೇರೆ ಅಂತ ಹೇಗೆ ತೋರಿಸುವುದು ಅಂತ ಕೇಳಿದ್ದೀರಿ. ನಮ್ಮ ಮನೆಯಲ್ಲೂ ಇದೇ ಆಗಿತ್ತು. ನನ್ನ ಮಗಳು ಮತ್ತು ಅವಳ ಸೋದರಮಾವ. ಮಗಳು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನಿಮ್ಮ ಸಂಕಟ ಅರ್ಥವಾಗುತ್ತದೆ.

"ಒಂದೇ ವೈಫೈ ಇದ್ದರೆ ತಪ್ಪಾ?" ಅಂತ ವಾದಕ್ಕೆ ಇಳಿಯಬೇಡಿ. ಒಂದು ರೂಟರ್‌ನಿಂದ ಹೋಗುವ ಎಲ್ಲ ಫೋನ್‌ಗಳಿಗೂ ಸಾಮಾನ್ಯವಾಗಿ ಹೊರಗೆ ಒಂದೇ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಗುರುತಿಸುವ ಸಂಖ್ಯೆ) ಕಾಣುತ್ತದೆ. ಮೊಬೈಲ್ ಡೇಟಾದಲ್ಲಂತೂ ಪರಿಚಯವೇ ಇಲ್ಲದ ಎಷ್ಟೋ ಜನ ಒಂದೇ ಐಪಿಯಲ್ಲಿ ಇರುತ್ತಾರೆ. ಇದು ಸೈಟಿನವರಿಗೂ ಗೊತ್ತು. ಅನುಮಾನ ಜಾಸ್ತಿಯಾಗುವುದು ಅದರ ಜೊತೆ ಬೇರೆಯದು ಸೇರಿದಾಗ. ಒಂದೇ ಫೋನಿನಲ್ಲಿ ಎರಡೂ ಖಾತೆ ತೆರೆಯುವುದು, ಮನೆಯವರೇ ತಮ್ಮೊಳಗೆ ರೇಟೆಡ್ (ಸೋಲು ಗೆಲುವಿಗೆ ಅಂಕ ಏರಿಳಿಯುವ) ಆಟ ಆಡಿ ಯಾವಾಗಲೂ ಒಬ್ಬರೇ ಗೆಲ್ಲುವುದು. ನಮ್ಮಲ್ಲಿ ಎರಡೂ ನಡೆದಿತ್ತು. ಕಲಿಸಲಿಕ್ಕೆ ಅಂತ ನನ್ನ ತಮ್ಮ ದಿನಾ ರಾತ್ರಿ ಅವಳ ಜೊತೆ ಆಡುತ್ತಿದ್ದ.

ನಮಗೆ ಕೈ ಹಿಡಿದದ್ದು ಒಂದೇ ಹೊತ್ತಿನಲ್ಲಿ ನಡೆದ ಆಟಗಳು. ಎರಡೂ ಖಾತೆಯ ಆಟಗಳ ಪಿಜಿಎನ್, ಅಂದರೆ ಆಟದ ನಡೆಗಳನ್ನು ಬರೆದಿಟ್ಟ ಫೈಲ್, ಇಳಿಸಿಕೊಳ್ಳಿ. ಖಾತೆ ತೆರೆಯದಿದ್ದರೆ ಎದುರಾಳಿಯ ಪುಟದಲ್ಲಿ ಹುಡುಕಿ. ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಮೇಲೆ ತಾರೀಖು, ಸಮಯ ಇರುತ್ತದೆ. ಎಷ್ಟೋ ಸಲ ಪ್ರತಿ ನಡೆಯ ಪಕ್ಕದಲ್ಲಿ ಗಡಿಯಾರದಲ್ಲಿ ಉಳಿದ ಸಮಯವೂ ಇರುತ್ತದೆ. ಯುಟಿಸಿ (ಅಂತರರಾಷ್ಟ್ರೀಯ ಸಮಯ) ಅಂತ ಬರೆದಿದ್ದರೆ ನಮ್ಮ ಸಮಯಕ್ಕೆ ಐದೂವರೆ ಗಂಟೆ ಸೇರಿಸಿ. ಮಧ್ಯರಾತ್ರಿ ದಾಟಿ ಬೆಳಗಿನ 5:30ರೊಳಗೆ ಆಡಿದ ಆಟಕ್ಕೆ ಯುಟಿಸಿಯಲ್ಲಿ ಹಿಂದಿನ ದಿನದ ತಾರೀಖು ಇರುತ್ತದೆ, ಗಾಬರಿಯಾಗಬೇಡಿ.

ನಮ್ಮದರಲ್ಲಿ ಒಂದು ಆಟ 14:44 ಅಂತ ಇತ್ತು, ಅಂದರೆ ನಮ್ಮ ರಾತ್ರಿ 8:14. ಮಗಳು ಹತ್ತು ನಿಮಿಷದ ಆಟ ಶುರು ಮಾಡಿದ್ದಳು. 8:16ಕ್ಕೆ ತಮ್ಮ ಮೂರು ನಿಮಿಷದ ಬ್ಲಿಟ್ಜ್‌ಗೆ (ವೇಗದ ಆಟಕ್ಕೆ) ಕೂತಿದ್ದ. ಅವನು ಎರಡು ಮೂರು ಸೆಕೆಂಡಿಗೊಂದು ನಡೆ ಇಡುತ್ತಿದ್ದ ಅದೇ ಹೊತ್ತಿನಲ್ಲಿ ಇವಳು ಒಂದು ಕುದುರೆ ಉಳಿಸಿಕೊಳ್ಳಲು ಯೋಚಿಸುತ್ತಾ ನಡೆ ಇಡುತ್ತಿದ್ದಳು. ಇಂಥದ್ದು ಒಂದೇ ಜೋಡಿ ಸಾಲದು, ಒಬ್ಬರೇ ಎರಡು ಸಾಧನ ಹಿಡಿದಿರಬಹುದು ಅನ್ನಬಹುದು. ನಾವು ಬೇರೆ ಬೇರೆ ದಿನದ ಆರು ಜೋಡಿ ಆರಿಸಿ, ಲಿಂಕ್ ಮತ್ತು ಸಮಯ ಹಾಕಿ ಸೈಟಿನವರಿಗೆ ಪತ್ರ ಕಳಿಸಿದೆವು.

ಆಡುವ ರೀತಿಯನ್ನೂ ಎರಡು ಸಾಲಿನಲ್ಲಿ ಹೇಳಿ. ಬಿಳಿ ಕಾಯಿ ಬಂದರೆ ಆಟ ಶುರು ಮಾಡುವ ರೀತಿ ನನ್ನ ಮಗಳದ್ದು ಲಂಡನ್ ಸಿಸ್ಟಮ್, ತಮ್ಮನದ್ದು ಇಟಾಲಿಯನ್. ಮಕ್ಕಳು ಟೂರ್ನಮೆಂಟ್ ಆಡಿದ್ದರೆ ಫಿಡೆ (ವಿಶ್ವ ಚೆಸ್ ಒಕ್ಕೂಟ) ಐಡಿ ಕೊಡಿ. ಅಲ್ಲಿ ಹೆಸರು, ಹುಟ್ಟಿದ ವರ್ಷ ಎರಡೂ ಕಾಣುತ್ತವೆ. 2024ರ ಮಾರ್ಚ್‌ನಿಂದ ಫಿಡೆ ರೇಟಿಂಗ್ 1400ರಿಂದಲೇ ಶುರು, ಹಾಗಾಗಿ ಎಷ್ಟೋ ಮಕ್ಕಳಿಗೆ ರೇಟಿಂಗ್ ಇರುವುದಿಲ್ಲ. ಪರವಾಗಿಲ್ಲ, ಐಡಿ ಸಾಕು. ಅವರು ಕೇಳದೆ ಆಧಾರ್ ಕಳಿಸಲೇಬೇಡಿ. ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.

ಇನ್ನೊಂದು ಮಾತು, ಮಕ್ಕಳನ್ನು ಬೈಯದೆ ಕೇಳಿ. ಅಣ್ಣ ಯಾವತ್ತಾದರೂ ತಂಗಿಯ ಖಾತೆಯಲ್ಲಿ ಕೂತು ಆಡಿದ್ದಾನಾ? ಆಡಿದ್ದರೆ ಪತ್ರದಲ್ಲಿ ನೀವೇ ಬರೆದುಬಿಡಿ. ಅವರ ದಾಖಲೆಯಲ್ಲಿ ಅದು ಇದ್ದು, ನೀವು ಇಲ್ಲ ಅಂದರೆ ಉಳಿದ ಸಾಕ್ಷಿಯನ್ನೂ ನಂಬುವುದಿಲ್ಲ. ಉತ್ತರ ಬರುವ ತನಕ ಹೊಸ ಖಾತೆ ಮಾಡಬೇಡಿ, ವಿಪಿಎನ್ (ಐಪಿ ವಿಳಾಸ ಮರೆಮಾಡುವ ಆ್ಯಪ್) ಹಾಕಬೇಡಿ.

ನಮಗೆ ಒಂಬತ್ತನೇ ದಿನ ಎರಡೂ ಖಾತೆ ವಾಪಸ್ ಬಂದವು. ಈಗ ಸೋದರಮಾವ, ಸೋದರಸೊಸೆ ಇಬ್ಬರೂ ಅವರವರ ಫೋನಿನಲ್ಲೇ ಖಾತೆ ತೆರೆಯುತ್ತಾರೆ. ಅವರಿಬ್ಬರು ಆಡುವಾಗ ರೇಟಿಂಗ್ ಇಲ್ಲದ ಆಟ ಮಾತ್ರ. ಪಿಜಿಎನ್‌ನಲ್ಲಿ ಸಮಯ ಹೊಂದಿಸುವುದು ಕಷ್ಟವಾದರೆ ಇಬ್ಬರದ್ದೂ ಇಲ್ಲೇ ಹಾಕಿ, ನಾನು ಕೂತು ಜೋಡಿ ಮಾಡಿಕೊಡುತ್ತೇನೆ.