ಸೇವ್ ಮಾಡಲು ಬಾರದ ಆಟಗಳು

ಬಾಲ್ಯದಲ್ಲಿ ಆಡಿದ ವಿಡಿಯೋ ಗೇಮ್‌ಗಳಲ್ಲಿ ಯಾವುದು ಅಚ್ಚುಮೆಚ್ಚು, ಇಷ್ಟು ವರ್ಷಗಳಾದರೂ ಅದು ಏಕೆ ನೆನಪಿನಲ್ಲಿದೆ ಎಂದು ಕೇಳಿದ್ದೀರಿ. ನನ್ನ ಉತ್ತರ ಬ್ಯಾಟಲ್ ಸಿಟಿ. ನಮ್ಮ ದಾವಣಗೆರೆಯ ಬೀದಿಯಲ್ಲಿ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ, ಎಲ್ಲರೂ ಟ್ಯಾಂಕ್ ಗೇಮ್ ಎನ್ನುತ್ತಿದ್ದೆವು. ಅದರ ಹಿಂದೆಯೇ ಮಾರಿಯೋ, ಆಮೇಲೆ ಕಾಂಟ್ರಾ. ಇವು ಮರೆಯದಿರಲು ನನಗೆ ತೋಚುವ ದೊಡ್ಡ ಕಾರಣವೆಂದರೆ ಇವುಗಳಲ್ಲಿ ಏನನ್ನೂ ಸೇವ್ ಮಾಡಲು ಬರುತ್ತಿರಲಿಲ್ಲ. ಸ್ವಿಚ್ ಆರಿಸಿದರೆ ಪೆಟ್ಟಿಗೆ ಎಲ್ಲವನ್ನೂ ಮರೆಯುತ್ತಿತ್ತು. ನೆನಪಿಡುವ ಕೆಲಸವೆಲ್ಲ ನಮ್ಮದೇ ಆಗಿತ್ತು.

ಇದು ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾದ 1997ರ ಆಸುಪಾಸಿನ ಮಾತು. ಗೇಮ್ ಇದ್ದದ್ದು ವಿನೋಬನಗರದಲ್ಲಿದ್ದ ದೊಡ್ಡಮ್ಮನ ಮನೆಯಲ್ಲಿ. ಬೇಸಿಗೆ ರಜೆ ಬಂತೆಂದರೆ ಅಕ್ಕ, ಅಣ್ಣ, ನಾನು, ಅಕ್ಕಪಕ್ಕದ ಮನೆಗಳ ಮಕ್ಕಳು ಎಲ್ಲರೂ ಅಲ್ಲಿಯೇ. ಪೆಟ್ಟಿಗೆ ನಿಂಟೆಂಡೊ ಕಂಪನಿಯದಾಗಿರಲಿಲ್ಲ. ಆ ಕಂಪನಿ 1983ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ್ದ ಫ್ಯಾಮಿಕಾಮ್ ಎಂಬ ಯಂತ್ರದ ನಕಲು ಅದು. ನಮ್ಮಂಥ ಊರುಗಳಿಗೆ ಬಂದದ್ದು ಹೆಚ್ಚಾಗಿ ಇಂಥ ನಕಲುಗಳೇ. ಕ್ಯಾಸೆಟ್ ಮೇಲೆ 9999 ಆಟಗಳೆಂದು ಬರೆದಿರುತ್ತಿತ್ತು. ಪಟ್ಟಿಯಲ್ಲಿ ಕೆಳಕ್ಕೆ ಹೋದಂತೆ ಅವೇ ಕೆಲವು ಆಟಗಳು ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಸ್ಟೇಜಿನಿಂದ ಶುರುವಾಗುತ್ತಿದ್ದವು. ಅದರಿಂದ ನಮಗೆ ಬೇಸರವೇನೂ ಆಗಲಿಲ್ಲ. ಇದ್ದ ಐದಾರು ಆಟಗಳನ್ನೇ ಮತ್ತೆ ಮತ್ತೆ ಆಡಿ ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡೆವು.

ಟಿವಿ ಬೇರೆ ಮನೆಗೆಲ್ಲ ಒಂದೇ. ಗೇಮ್ ಆಡಿದರೆ ಪಿಕ್ಚರ್ ಟ್ಯೂಬ್ ಹಾಳಾಗುತ್ತದೆ ಎಂದು ದೊಡ್ಡಪ್ಪ ಗಟ್ಟಿಯಾಗಿ ನಂಬಿದ್ದರು. ಭಾನುವಾರ ಸಂಜೆ ನಾಲ್ಕಕ್ಕೆ ದೂರದರ್ಶನದಲ್ಲಿ ಕನ್ನಡ ಸಿನಿಮಾ ಬರುತ್ತಿದ್ದುದರಿಂದ ಅಷ್ಟರೊಳಗೆ ವೈರುಗಳನ್ನು ಕಿತ್ತು ಆಂಟೆನಾ ಮೊದಲಿನಂತೆ ಸಿಕ್ಕಿಸಬೇಕಿತ್ತು. ಮಂಡಕ್ಕಿ ಮೆಣಸಿನಕಾಯಿ ತಿಂದ ಕೈಯಲ್ಲಿ ಗೇಮ್ ಆಡುವ ರಿಮೋಟ್ ಮುಟ್ಟಬಾರದು ಎಂಬುದು ದೊಡ್ಡಮ್ಮನ ಕಟ್ಟಪ್ಪಣೆ. ಇರುವುದು ಎರಡೇ ರಿಮೋಟ್, ಕಾಯುವವರು ಏಳೆಂಟು ಮಂದಿ. ಕಾಯುವವರು ಸುಮ್ಮನೆ ಕೂರುತ್ತಿರಲಿಲ್ಲ, ಆಡುವವರಿಗಿಂತ ಹೆಚ್ಚು ಕಲಿಯುತ್ತಿದ್ದರು. ಯಾವ ಇಟ್ಟಿಗೆಯಲ್ಲಿ ಏನಿದೆ, ಶತ್ರು ಎಲ್ಲಿಂದ ಬರುತ್ತಾನೆ ಎಂಬುದನ್ನು ನಾನು ಮೊದಲು ಕಲಿತದ್ದು ಬೇರೆಯವರ ಬೆನ್ನ ಹಿಂದೆ ಕೂತು.

ಇನ್ನು ಟ್ಯಾಂಕ್ ಗೇಮ್. ನ್ಯಾಮ್ಕೊ ಕಂಪನಿ 1985ರಲ್ಲಿ ಹೊರತಂದ ಆಟ. ಪರದೆಯ ಕೆಳಗೆ ನಟ್ಟನಡುವೆ ಒಂದು ಹದ್ದಿನ ಗುರುತು, ಅದರ ಸುತ್ತ ಇಟ್ಟಿಗೆ ಗೋಡೆ. ಮೇಲಿನ ಮೂರು ಜಾಗಗಳಿಂದ ಶತ್ರು ಟ್ಯಾಂಕ್‌ಗಳು ಬರುತ್ತವೆ, ಒಂದು ಸ್ಟೇಜಿಗೆ ಇಪ್ಪತ್ತು. ಅವುಗಳನ್ನೆಲ್ಲ ಹೊಡೆಯಬೇಕು, ಹದ್ದನ್ನು ಉಳಿಸಿಕೊಳ್ಳಬೇಕು. ಹದ್ದಿಗೆ ಒಂದು ಗುಂಡು ಬಿದ್ದರೂ ಆಟ ಮುಗಿಯಿತು, ನಿಮ್ಮ ಬಳಿ ಎಷ್ಟು ಲೈಫ್ ಇದ್ದರೂ ಸರಿಯೇ. ಆ ಗುಂಡು ನಮ್ಮದೇ ಆಗಿದ್ದರೂ ಸರಿಯೇ! ಇಬ್ಬರು ಒಟ್ಟಿಗೆ ಆಡಬಹುದು. ಒಬ್ಬರದು ಹಳದಿ ಟ್ಯಾಂಕ್, ಇನ್ನೊಬ್ಬರದು ಹಸಿರು. ಜೊತೆಗಾರನಿಗೆ ನಮ್ಮ ಗುಂಡು ತಗುಲಿದರೆ ಅವನು ಸಾಯುವುದಿಲ್ಲ, ಆದರೆ ಕೆಲಹೊತ್ತು ಅಲ್ಲಾಡಲಾಗದೆ ನಿಂತುಬಿಡುತ್ತಾನೆ. ಅಷ್ಟರಲ್ಲಿ ಹದ್ದು ಹೋಗಿರುತ್ತದೆ. ಹೀಗಾಗಿ ಇದು ಮಾತಾಡದೆ ಆಡಲಾಗದ ಆಟ. ಎಡಕ್ಕೆ ಯಾರು, ಬಲಕ್ಕೆ ಯಾರು, ಟ್ಯಾಂಕಿನ ಬಲ ಹೆಚ್ಚಿಸುವ ನಕ್ಷತ್ರ ಬಂದರೆ ಯಾರು ತೆಗೆದುಕೊಳ್ಳಬೇಕು, ಎಲ್ಲವನ್ನೂ ಮೊದಲೇ ಮಾತಾಡಿಕೊಳ್ಳಬೇಕು. ಅಣ್ಣ ಯಾವಾಗಲೂ ಮೇಲೆ ನುಗ್ಗುತ್ತಿದ್ದ. ಅಕ್ಕ ಹದ್ದಿನ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ಈ ಆಟದಲ್ಲಿ ಗುಂಡಿಗೆ ಗುಂಡು ಎದುರಾದರೆ ಎರಡೂ ಇಲ್ಲವಾಗುತ್ತವೆ. ಅದನ್ನು ಕಂಡುಕೊಂಡಿದ್ದ ಅಕ್ಕ ಶತ್ರುವನ್ನು ಹೊಡೆಯುವ ಮೊದಲು ಅವನ ಗುಂಡನ್ನೇ ಹೊಡೆದು ಹಾಕುತ್ತಿದ್ದಳು. ಅವಳ ಜೊತೆ ಆಡಲು ಬೀದಿಯ ಮಕ್ಕಳು ಸರದಿ ನಿಲ್ಲುತ್ತಿದ್ದರು.

ಈ ಆಟದ ಮೊದಲ ಪುಟದಲ್ಲಿ ಕನ್‌ಸ್ಟ್ರಕ್ಷನ್ ಎಂಬ ಮೂರನೆಯ ಆಯ್ಕೆ ಇತ್ತು. ಬಹಳ ಮಂದಿ ಅದನ್ನು ಒತ್ತಿಯೇ ನೋಡಿರಲಿಕ್ಕಿಲ್ಲ. ನನ್ನ ಪಾಲಿಗೆ ಇಡೀ ಬಾಲ್ಯದ ಅತ್ಯಂತ ಬೆಲೆಬಾಳುವ ಗುಂಡಿ ಅದು. ಅದನ್ನು ಒತ್ತಿದರೆ ಖಾಲಿ ಮೈದಾನ ಬರುತ್ತದೆ, ಉದ್ದಕ್ಕೆ ಹದಿಮೂರು ಮನೆ, ಅಗಲಕ್ಕೆ ಹದಿಮೂರು ಮನೆ. ಇಟ್ಟಿಗೆ, ಉಕ್ಕು, ನೀರು, ಕಾಡು, ಮಂಜುಗಡ್ಡೆ ಬೇಕಾದಲ್ಲಿ ಇಟ್ಟು ನಮ್ಮದೇ ಸ್ಟೇಜ್ ಕಟ್ಟಿ ಆಡಬಹುದು. ಆದರೆ ಕಟ್ಟಿದ್ದನ್ನು ಉಳಿಸಿಕೊಳ್ಳಲು ದಾರಿಯಿಲ್ಲ. ಕರೆಂಟ್ ಹೋದರೆ ಮೈದಾನ ಮತ್ತೆ ಖಾಲಿ, ಮತ್ತು ಆ ದಿನಗಳಲ್ಲಿ ಕರೆಂಟ್ ಹೋಗುವುದೇನೂ ಅಪರೂಪವಾಗಿರಲಿಲ್ಲ.

ಅದಕ್ಕೆ ಅಕ್ಕ ಕಂಡುಕೊಂಡ ಉಪಾಯ ಗಣಿತದ ಚೌಕುಳಿ ನೋಟ್‌ಬುಕ್. ಹದಿಮೂರು ಚೌಕಗಳ ಗಡಿ ಹಾಕಿ, ಇಟ್ಟಿಗೆಗೆ ಕೆಂಪು, ನೀರಿಗೆ ನೀಲಿ, ಕಾಡಿಗೆ ಹಸಿರು ಬಳಿದು, ಉಕ್ಕಿಗೆ ಪೆನ್ಸಿಲ್‌ನಲ್ಲಿ ಒತ್ತಾಗಿ ಗೆರೆ ಎಳೆಯುತ್ತಿದ್ದಳು. ಶಾಲೆಯಿಂದ ಚಿತ್ರದುರ್ಗಕ್ಕೆ ಪ್ರವಾಸ ಹೋಗಿ ಬಂದ ಮೇಲೆ ಅವಳು ಬರೆದ ನಕ್ಷೆ ಇವತ್ತೂ ನನ್ನ ಕಣ್ಣ ಮುಂದಿದೆ. ಕೋಟೆಯಲ್ಲಿ ಒಂದು ಬಾಗಿಲು ದಾಟಿದರೆ ಮುಂದಿನ ಬಾಗಿಲು ನೇರಕ್ಕೆ ಸಿಗುವುದಿಲ್ಲ, ದಾರಿ ತಿರುಗುತ್ತದೆ, ಶತ್ರು ಓಡಿಬಂದು ನುಗ್ಗಲಾಗದಂತೆ ಹಾಗೆ ಕಟ್ಟಿದ್ದಾರೆ ಎಂದು ಅಲ್ಲಿ ವಿವರಿಸಿದ್ದರಂತೆ. ಏಳು ಸುತ್ತು ಹದಿಮೂರು ಚೌಕಗಳಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಎರಡು ಸುತ್ತು. ಎರಡೂ ಉಕ್ಕಿನವು, ಏಕೆಂದರೆ ಶತ್ರುವಿನ ಗುಂಡಿಗೆ ಉಕ್ಕು ಒಡೆಯುವುದಿಲ್ಲ. ಹೊರಗೋಡೆಯ ಬಾಗಿಲು ಎಡಕ್ಕೆ, ಒಳಗೋಡೆಯದು ಬಲಕ್ಕೆ. ಆಡಿ ನೋಡಿದೆವು. ಒಳಗೆ ನುಗ್ಗಿದ ಟ್ಯಾಂಕ್‌ಗಳು ಎರಡು ಗೋಡೆಗಳ ನಡುವೆ ದಿಕ್ಕುತಪ್ಪಿ ಅಲೆಯುತ್ತಿದ್ದವು, ಅಕ್ಕ ಒಳಬಾಗಿಲ ಬಳಿ ನಿಂತು ಒಂದೊಂದನ್ನಾಗಿ ಹೊಡೆಯುತ್ತಿದ್ದಳು. ಪಾಳೆಯಗಾರರ ಕಾಲದ ಯುದ್ಧತಂತ್ರ ಜಪಾನಿನ ಆಟದೊಳಗೆ ಕೆಲಸ ಮಾಡಿತ್ತು! ಆ ರಜೆ ಮುಗಿಯುವವರೆಗೆ ಬೀದಿಯಲ್ಲಿ ಬೇರೆ ಸುದ್ದಿಯೇ ಇರಲಿಲ್ಲ. ನಕ್ಷೆ ನಕಲು ಮಾಡಿಕೊಂಡು ಹೋದವರು ತಮ್ಮ ಬದಲಾವಣೆ ಸೇರಿಸಿ ಮರಳಿ ತರುತ್ತಿದ್ದರು. ಆಟಕ್ಕೆ ಸೇವ್ ಸೌಲಭ್ಯ ಇದ್ದಿದ್ದರೆ ಆ ನೋಟ್‌ಬುಕ್ ಹುಟ್ಟುತ್ತಲೇ ಇರಲಿಲ್ಲ.

ಮಾರಿಯೋ ಕೂಡ 1985ರದ್ದೇ. ಇಡೀ ಆಟ ಹಿಡಿಸಿದ್ದು 40 ಕಿಲೋಬೈಟ್‌ಗಳಲ್ಲಿ. ಜಾಗ ಉಳಿಸಲು ಆಕಾಶದ ಮೋಡ ಮತ್ತು ನೆಲದ ಪೊದೆ ಎರಡಕ್ಕೂ ಒಂದೇ ಚಿತ್ರ ಬಳಸಿದ್ದಾರೆ, ಬಣ್ಣ ಮಾತ್ರ ಬೇರೆ. ಇದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ, ತಿಳಿದಾಗ ಆ ಆಟದ ಮೇಲಿನ ಗೌರವ ಇನ್ನಷ್ಟು ಹೆಚ್ಚಿತು. ಮೊದಲ ಸ್ಟೇಜನ್ನೇ ನೋಡಿ. ಮೊದಲ ಅಣಬೆ ಬಲಕ್ಕೆ ಜಾರಿ ಕೊಳವೆಗೆ ಬಡಿದು ನಮ್ಮತ್ತಲೇ ತಿರುಗಿ ಬರುತ್ತದೆ. ಹೆದರಿ ಹಾರಿದರೆ ತಲೆ ಮೇಲಿನ ಇಟ್ಟಿಗೆಗೆ ತಗುಲಿ ಅಣಬೆಯ ಮೇಲೆಯೇ ಬೀಳುತ್ತೇವೆ. ಮಾರಿಯೋ ದೊಡ್ಡವನಾಗುತ್ತಾನೆ. ಅಣಬೆ ಒಳ್ಳೆಯದು ಎಂದು ಒಂದಕ್ಷರವೂ ಇಲ್ಲದೆ ಕಲಿಸಿಬಿಡುತ್ತದೆ ಆಟ. ಹೀಗೆ ಬೇಕೆಂದೇ ಮಾಡಿದ್ದು ಎಂದು ಇದನ್ನು ರೂಪಿಸಿದ ಶಿಗೆರು ಮಿಯಾಮೊಟೊ ಅವರೇ ಹೇಳಿದ್ದಾರೆ. ಇಂಗ್ಲಿಷ್ ಬಾರದ ಕನ್ನಡ ಶಾಲೆಯ ಮಕ್ಕಳಿಗೂ ಅದು ಒಂದೇ ದಿನದಲ್ಲಿ ಒಲಿದದ್ದು ಅದಕ್ಕೇ.

ಸಮಯ ನೂರಕ್ಕಿಂತ ಕೆಳಗಿಳಿದಾಗ ಅದರ ಸಂಗೀತ ಓಡತೊಡಗುತ್ತದಲ್ಲ, ಆಗ ಅಡುಗೆಮನೆಯಲ್ಲಿದ್ದ ದೊಡ್ಡಮ್ಮನಿಗೂ ಗೊತ್ತಾಗುತ್ತಿತ್ತು, ಇನ್ನೇನು ಯಾರೋ ಕೂಗಿಕೊಳ್ಳುತ್ತಾರೆ ಎಂದು. ಎರಡನೆಯ ಸ್ಟೇಜಿನ ಕೊನೆಯಲ್ಲಿ ಚಾವಣಿಯ ಮೇಲೆ ಓಡಿ ಹೋದರೆ ನೇರವಾಗಿ ನಾಲ್ಕನೆಯ ಲೋಕಕ್ಕೆ (ಕೆಲವು ಸ್ಟೇಜುಗಳು ಸೇರಿ ಒಂದು ಲೋಕ) ದಾರಿ, ಅಲ್ಲಿನ ಎರಡನೆಯ ಸ್ಟೇಜಿನಲ್ಲಿ ಅಡಗಿರುವ ಬಳ್ಳಿ ಹತ್ತಿದರೆ ಎಂಟನೆಯದಕ್ಕೆ. ಈ ಗುಟ್ಟು ನಮಗೆ ಬಂದದ್ದು ಶಾಲೆಯಲ್ಲಿ, ಬೇರೆ ಬಡಾವಣೆಯ ಹುಡುಗನ ಬಾಯಿಂದ. ಅವನಿಗೆ ಹೇಳಿದವರು ಯಾರೋ. ಇಂಟರ್‌ನೆಟ್ ಇಲ್ಲದ ಕಾಲದಲ್ಲಿ ಬಳ್ಳಿ ಇರುವ ಇಟ್ಟಿಗೆಯ ಜಾಗ ಊರೂರು ದಾಟಿ ತಪ್ಪಿಲ್ಲದೆ ಬಂದಿತ್ತು. ಕರೆಂಟ್ ಯಾವಾಗ ಹೋಗುತ್ತದೋ ಎಂಬ ಆತಂಕದಲ್ಲಿ ಆಡುವವರಿಗೆ ಇಂಥ ಅಡ್ಡದಾರಿ ಎಷ್ಟು ಮುಖ್ಯವಾಗಿತ್ತೆಂದು ಈಗಿನವರಿಗೆ ಹೇಳಿ ತಿಳಿಸುವುದು ಕಷ್ಟ.

ಇಬ್ಬರು ಸೈನಿಕರಾಗಿ ಗುಂಡು ಹಾರಿಸುತ್ತ ಸಾಗುವ ಕಾಂಟ್ರಾ ಬಗ್ಗೆ ಎರಡು ಮಾತು ಸಾಕು. ಒಂದು, ಜಲಪಾತದ ಸ್ಟೇಜ್. ಅಲ್ಲಿ ಮೇಲಕ್ಕೆ ಹತ್ತಬೇಕು. ಒಬ್ಬ ಅವಸರಪಟ್ಟು ಹತ್ತಿದರೆ ಪರದೆ ಸರಿದು ಕೆಳಗೆ ಉಳಿದ ಜೊತೆಗಾರ ಸಾಯುತ್ತಾನೆ. ಎರಡು, ರಿಮೋಟಿನ ಗುಂಡಿಗಳನ್ನು ಸಾಲಾಗಿ ಒತ್ತುವ ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಎಂಬ ಮೂವತ್ತು ಲೈಫ್‌ನ ಮಂತ್ರ. ಅದು ಮೊದಲು ಹುಟ್ಟಿದ್ದು 1986ರಲ್ಲಿ, ಗ್ರೇಡಿಯಸ್ ಎಂಬ ಬೇರೊಂದು ಆಟಕ್ಕಾಗಿ. ಪರೀಕ್ಷಿಸಲು ಆ ಆಟ ತಮಗೇ ಕಷ್ಟವಾಗುತ್ತಿದೆ ಎಂದು ಕೊನಾಮಿ ಕಂಪನಿಯ ಕಜುಹಿಸಾ ಹಶಿಮೊಟೊ ಅದನ್ನು ಸೇರಿಸಿಕೊಂಡಿದ್ದರು. 2020ರಲ್ಲಿ ಅವರು ತೀರಿಕೊಂಡ ಸುದ್ದಿ ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ನಾವು ಅವರ ಹೆಸರು ತಿಳಿಯದೆಯೇ ಎಷ್ಟೋ ಸಂಜೆ ಅವರ ಉಪಕಾರದಲ್ಲಿ ಬದುಕಿದ್ದೆವು.

ಬಾತುಕೋಳಿ ಹೊಡೆಯುವ ಡಕ್ ಹಂಟ್ ಬಂದೂಕು ಆಗ ನಮಗೆ ಪವಾಡ. ಟಿವಿಯಿಂದ ಏನೋ ಕಿರಣ ಬರುತ್ತದೆ ಎಂದು ಅಣ್ಣನ ವಾದ, ಬಂದೂಕಿನಿಂದ ಹೋಗುತ್ತದೆ ಎಂದು ಉಳಿದವರದು. ಅಣ್ಣನ ಮಾತೇ ಸತ್ಯಕ್ಕೆ ಹತ್ತಿರ. ಕುದುರೆ ಎಳೆದ ಕ್ಷಣ ಪರದೆ ಇಡಿಯಾಗಿ ಕಪ್ಪಾಗುತ್ತದೆ, ಮರುಕ್ಷಣ ಹಕ್ಕಿಯ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಬಂದೂಕಿನ ಬಾಯಲ್ಲಿರುವ ಬೆಳಕಿನ ಸಂವೇದಕ ಮೊದಲು ಕತ್ತಲೆ, ಆಮೇಲೆ ಬೆಳಕು ಕಂಡರೆ ಗುರಿ ಸರಿ. ಬಲ್ಬಿನತ್ತ ಹಿಡಿದು ಹೊಡೆದರೆ ಹಕ್ಕಿ ಬೀಳದಿರುವುದು ಇದಕ್ಕೇ, ಬಲ್ಬು ನಡುವೆ ಕಪ್ಪಾಗುವುದಿಲ್ಲವಲ್ಲ. ಈಗಿನ ಚಪ್ಪಟೆ ಟಿವಿಗಳಲ್ಲಿ ಚಿತ್ರ ಒಂದಿಷ್ಟು ತಡವಾಗಿ ಮೂಡುವುದರಿಂದ ಆ ಹಳೆಯ ಬಂದೂಕು ಕೆಲಸ ಮಾಡುವುದಿಲ್ಲ.

ಆಮೇಲೆ ಬಂದ ಆಟಗಳೂ ಇವೆ. ಕಾಸು ಹಾಕಿ ಆಡುವ ಪಾರ್ಲರ್‌ಗಳ ಮುಸ್ತಫಾ (ಕ್ಯಾಪ್‌ಕಾಮ್‌ನ 1993ರ ಆಟ, ನಿಜವಾದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್), ಕಂಪ್ಯೂಟರ್ ತರಗತಿಯ ಡೇವ್ ಮತ್ತು ಪ್ರಿನ್ಸ್ ಆಫ್ ಪರ್ಷಿಯಾ, ನೋಕಿಯಾ ಫೋನಿನ ಹಾವು. ಎಲ್ಲವೂ ಇಷ್ಟವೇ. ಆದರೆ ಅವುಗಳನ್ನು ಹೆಚ್ಚಾಗಿ ಒಬ್ಬನೇ ಆಡಿದೆ, ಅವುಗಳ ಜೊತೆ ಯಾವ ಮುಖವೂ ಅಷ್ಟಾಗಿ ನೆನಪಿಗೆ ಬರುವುದಿಲ್ಲ.

ಅಕ್ಕ ಈಗ ಹುಬ್ಬಳ್ಳಿಯಲ್ಲಿದ್ದಾಳೆ. ಹಬ್ಬಕ್ಕೆ ಸೇರಿದಾಗ ಲ್ಯಾಪ್‌ಟಾಪಿಗೆ ಎರಡು ರಿಮೋಟ್ ಸಿಕ್ಕಿಸಿ ಅವಳ ಮಕ್ಕಳನ್ನು ಕೂರಿಸಿಕೊಂಡು ಟ್ಯಾಂಕ್ ಗೇಮ್ ಆಡುತ್ತೇವೆ. ನೀವೂ ಆಡಿ ನೋಡುವುದಾದರೆ ದಯವಿಟ್ಟು ಮೊಬೈಲಿನಲ್ಲಿ ಬೇಡ, ಗಾಜಿನ ಮೇಲೆ ಬೆರಳಿಗೆ ಗುಂಡಿ ಸಿಗುವುದಿಲ್ಲ, ಪಕ್ಕದಲ್ಲಿ ಇನ್ನೊಬ್ಬರು ಕೂರಲೂ ಆಗುವುದಿಲ್ಲ. ನೇರವಾಗಿ ಕನ್‌ಸ್ಟ್ರಕ್ಷನ್‌ಗೆ ಹೋಗಿ, ಮೊದಲು ಚೌಕುಳಿ ಹಾಳೆಯಲ್ಲಿ ನಕ್ಷೆ ಬರೆದುಕೊಳ್ಳಿ. ಎರಡು ಸುತ್ತು ಕಟ್ಟುವುದಾದರೆ ಬಾಗಿಲುಗಳನ್ನು ಮಾತ್ರ ಎದುರುಬದುರು ಇಡಬೇಡಿ.