ಆ ಫೈರ್ ಸ್ಟೇಷನ್ ಅಜ್ಜ ಬರ್ಟ್ ಮಸ್ಟಿನ್

ಹಳೆಯ ಅಮೆರಿಕನ್ ಟಿವಿ ಧಾರಾವಾಹಿ 'ಲೀವ್ ಇಟ್ ಟು ಬೀವರ್'ನಲ್ಲಿ ಹುಡುಗನ ಜೊತೆ ಹರಟುತ್ತಿದ್ದ ಫೈರ್ ಸ್ಟೇಷನ್ ಅಜ್ಜ ಯಾರು ಅಂತ ಕೇಳಿದ್ದೀರಿ. ಪಾತ್ರದ ಹೆಸರು ಗಸ್, ನಟ ಬರ್ಟ್ ಮಸ್ಟಿನ್. ಹುಟ್ಟಿದ್ದು 1884ರಲ್ಲಿ, ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ. ಓದಿದ್ದು ಎಂಜಿನಿಯರಿಂಗ್, ಹೊಟ್ಟೆಪಾಡಿಗೆ ಮಾಡಿದ್ದು ಕಾರು ಮಾರಾಟ. ಮೊದಲ ಸಿನಿಮಾ 1951ರ 'ಡಿಟೆಕ್ಟಿವ್ ಸ್ಟೋರಿ'. ಆಗ ವಯಸ್ಸು 67! ಬೇರೆಯವರು ನಿವೃತ್ತಿ ಆಗೋ ಹೊತ್ತಿಗೆ ಇವರು ಶುರು ಮಾಡಿದರು.

'ದಿ ಆ್ಯಂಡಿ ಗ್ರಿಫಿತ್ ಶೋ' ಧಾರಾವಾಹಿಯಲ್ಲೂ ಇದ್ದಾರೆ. ನನಗೆ ಜಾಸ್ತಿ ಇಷ್ಟ ಮಾತ್ರ 'ಆಲ್ ಇನ್ ದ ಫ್ಯಾಮಿಲಿ'ಯ ಜಸ್ಟಿನ್ ಕ್ವಿಗ್ಲಿ, ವೃದ್ಧಾಶ್ರಮದಿಂದ ಓಡಿಬಂದ ಮುದುಕ. ಅಯ್ಯೋ ಪಾಪ ಅನ್ನಿಸಿಕೊಳ್ಳೋ ಪಾತ್ರ ಅದು. ಇವರು ಅದನ್ನು ತುಂಟತನದಲ್ಲೇ ನಿಭಾಯಿಸುತ್ತಾರೆ.

ಕೊನೆಗೆ 'ಫಿಲಿಸ್' ಧಾರಾವಾಹಿಯಲ್ಲಿ, 92ರ ವಯಸ್ಸಿನಲ್ಲಿ, ಮದುಮಗ! ಮದುಮಗಳಾಗಿದ್ದವರು ಜುಡಿತ್ ಲೌರಿ. ಆ ಕಂತು 1976ರ ಡಿಸೆಂಬರ್‌ನಲ್ಲಿ ಪ್ರಸಾರವಾಯಿತು. ಆದರೆ ಲೌರಿ ಅಷ್ಟರಲ್ಲಾಗಲೇ ತೀರಿಕೊಂಡಿದ್ದರು. ಮಸ್ಟಿನ್ ಹೋಗಿದ್ದು ಮರುತಿಂಗಳು, 1977ರ ಜನವರಿಯಲ್ಲಿ. ಇದು ಗೊತ್ತಿದ್ದು ನೋಡಿದರೆ ಆ ಮದುವೆಯ ನಗು ಸ್ವಲ್ಪ ಗಂಟಲಲ್ಲೇ ನಿಲ್ಲುತ್ತೆ, ಆದರೂ ನೋಡಿ.